ಲಿಂಗದ ಮೇಲಿನ ಆಣೆ

ಭವಾನಿ ಪೇಠೆಯ ಆ ಸಾಲುಮನೆಗಳ ಚಾಳಿಗೆ ರಂಗೂಬಾಯಿ ಹೋಗುತ್ತಿದ್ದುದು ಗುರುವಾರಕ್ಕೊಮ್ಮೆ. ಈ ವಾರ ಮಾತ್ರ ಮಂಗಳವಾರವೇ ಹೊರಟುಬಿಟ್ಟಳು, ಯಾಕೆಂದರೆ ಹೊಟ್ಟೆಯಲ್ಲಿದ್ದ ಸುದ್ದಿ ಗುರುವಾರದ ತನಕ ನಿಲ್ಲುವಂತಿರಲಿಲ್ಲ. ಬರುವ ರವಿವಾರ ಪಾನಬಂದಿ ಭಗಿನೀ ಮಂಡಳದ ವಾರ್ಷಿಕ ಸಭೆ. ಸೆರೆ ಕುಡಿಯುವುದನ್ನು ಬಿಟ್ಟ ಐದು ಗಂಡಸರನ್ನು ವೇದಿಕೆಯ ಮೇಲೆ ಕೂಡಿಸಿ ಶಾಲು ಹೊದಿಸುವುದೆಂದು ಠರಾವಾಗಿತ್ತು. ನಾಲ್ವರು ಮರಾಠಿಯವರು, ಒಬ್ಬ ಕನ್ನಡದವನು. ಆ ಒಬ್ಬ ಈ ಚಾಳಿನ ರಾಮಲಿಂಗಪ್ಪ. ಅವನಿಂದ ಸೆರೆ ಬಿಡಿಸಿದವಳು ರಂಗೂಬಾಯಿ.

ಅವಳಿಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿದ್ದು ವಿಜಾಪುರ, ಕೊಟ್ಟದ್ದು ಪುಣೆಯ ಶುಕ್ರವಾರ ಪೇಠೆಗೆ. ಗಂಡ ಭುಜಂಗರಾಯರು ಸರಕಾರಿ ಕಚೇರಿಯಲ್ಲಿ ಕಾರಕೂನ. ಮೂವತ್ತನೇ ಇಸವಿಯಲ್ಲಿ ಸೆರೆ ಅಂಗಡಿಗಳ ಮುಂದೆ ನಿಂತು ಕುಡುಕರಿಗೆ ಕೈಮುಗಿದ ಹೆಂಗಸರಲ್ಲಿ ಅವಳೂ ಒಬ್ಬಳಾಗಿದ್ದಳು. ಆ ಗದ್ದಲವೆಲ್ಲ ತಣ್ಣಗಾದ ಮೇಲೆ, ಅಂಗಡಿಯ ಮುಂದೆ ನಿಲ್ಲುವುದಕ್ಕಿಂತ ಕುಡುಕರ ಮನೆಗೇ ಹೋಗಿ ಹೆಂಡಿರು ಮಕ್ಕಳ ಕಷ್ಟ ವಿಚಾರಿಸಬೇಕು ಎಂದು ಕೆಲವರು ಸೇರಿ ಮಂಡಳ ಕಟ್ಟಿದರು. ಅದರ ಮುಖ್ಯಸ್ಥೆ ಮಥೂತಾಯಿ. ರಂಗೂಬಾಯಿಗೆ ಕನ್ನಡ ಬರುತ್ತದೆಂದು ಭವಾನಿ ಪೇಠೆಯ ಕನ್ನಡದ ಮನೆಗಳನ್ನೆಲ್ಲ ಅವಳ ಪಾಲಿಗೆ ಹಾಕಿದ್ದರು.

ಮಂಡಳದ ದೊಡ್ಡ ಆಯುಧವೆಂದರೆ ತುಳಸಿ ಮಾಲೆ. ಮರಾಠಿ ಜನರಲ್ಲಿ ಆಳಂದಿಗೋ ಪಂಢರಪುರಕ್ಕೋ ಹೋಗಿ, ಗುರುವಿನ ಕೈಯಿಂದ ಕೊರಳಿಗೆ ಮಾಲೆ ಹಾಕಿಸಿಕೊಂಡವನು ಸೆರೆ ಮುಟ್ಟುವಂತಿಲ್ಲ. ಮುಟ್ಟಿದರೆ ಮಾಲೆ ತೆಗೆದು ಗೂಟಕ್ಕೆ ಹಾಕಬೇಕು, ಓಣಿಯೆಲ್ಲ ನಗುತ್ತದೆ. ಆ ನಾಚಿಕೆಗೇ ಎಷ್ಟೋ ಮಂದಿ ಬಿಟ್ಟಿದ್ದರು. ಕನ್ನಡದ ಲಿಂಗಾಯತರಿಗೆ ಮಾಲೆ ಇಲ್ಲವಲ್ಲ, ಏನು ಮಾಡುವುದು ಎಂದು ರಂಗೂಬಾಯಿ ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೇ ದಿನ ದೇವರಿಗೆ ದೀಪ ಹಚ್ಚುವಾಗ ಹೊಳೆಯಿತು. ಮಾಲೆ ಇಲ್ಲದಿದ್ದರೆ ಏನಾಯಿತು, ಅವರ ಕೊರಳಲ್ಲಿ ಲಿಂಗ ಇದೆ. ಇದನ್ನು ಕೇಳಿ ಮಥೂತಾಯಿ ಅವಳ ಬೆನ್ನು ತಟ್ಟಿದರು.

ಹಾಗೆ ಒಂದು ಮುಂಜಾನೆ, ಚಾಳಿನ ಅಂಗಳದಲ್ಲಿ, ನಳದ ಮುಂದೆ, ಮೂವತ್ತು ಮಂದಿ ನೋಡುತ್ತಿರುವಾಗ ರಾಮಲಿಂಗಪ್ಪನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದಳು. ಜನ್ಮ ಇರುವ ತನಕ ಸೆರೆ ಮುಟ್ಟುವುದಿಲ್ಲ. ಅವನು ಹೆಂಡತಿ ಕಲ್ಲವ್ವನ ಕಡೆ ನೋಡಿದ. ಅವಳ ಮುಖ ಬಿಳಿಚಿತ್ತು. ರಂಗೂಬಾಯಿ ಅದನ್ನು ಭಕ್ತಿ ಎಂದುಕೊಂಡಳು. ಆಮೇಲೆ ಅವನು ಅಂಗಿಯೊಳಗೆ ಕೈ ಹಾಕಿ, ಬಿಳಿ ಅರಿವೆಯಲ್ಲಿ ಕಟ್ಟಿದ್ದ ಲಿಂಗವನ್ನು ಹಿಡಿದು, ಅವಳು ಹೇಳಿಕೊಟ್ಟ ಹಾಗೆ ಹೇಳಿದ.

ಈಗ ಅವಳು ಬಾಗಿಲಿಗೆ ಬಂದಾಗ ಕಲ್ಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಂಬತ್ತು ವರ್ಷದ ಮಗಳು ನಾಗವ್ವ ಪಾಟಿಯ ಮೇಲೆ ಮರಾಠಿ ಅಕ್ಷರ ತಿದ್ದುತ್ತಿದ್ದಳು.

"ಬರ್ರಿ ಬಾಯಾರ. ಇವತ್ತ ಗುರುವಾರ ಅಲ್ಲಲ್ಲ?"

"ಗುರುವಾರದ ತನಕ ತಡೀಲಿಕ್ಕೆ ಆಗ್ಲಿಲ್ಲ ಕಲ್ಲವ್ವ. ನಿಮ್ಮನಿಯವರಿಗೆ ಹೇಳು, ರವಿವಾರ ಸಂಜಿಗೆ ತಲಿಗೆ ಒಗದ ಪಟಗಾ ಸುತ್ತಿಕೊಂಡು ತಯಾರ ಇರ್ಲಿ. ಸಭಾದಾಗ ಶಾಲು ಹೊಚ್ಚತಾರ."

ಕಲ್ಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ತವೆಗೆ ಹಾಕಿ, ಮೇಲೆ ನೀರು ಸವರಿದಳು. "ನೀವ ಹೇಳ್ರಿ. ನನಗ ಸಿಗಂಗಿಲ್ಲ ಅವರು. ಹೊಸ್ತಿಲಾ ತುಳದು ಒಂಬತ್ತು ದಿನ ಆತು. ಹೋದ ಗುರುವಾರ ನಿಮಗ ಹೇಳಾಕ ಬಾಯಿ ಬರಲಿಲ್ಲ."

"ಯಾಕ, ಎಲ್ಲಿ ಹೋಗ್ಯಾರ?"

"ಎಲ್ಲಿ ಹೋಗ್ತಾರ. ಪ್ಯಾಟ್ಯಾಗ ಅದಾರ. ಹಗಲೆಲ್ಲಾ ಬೆಲ್ಲಾ ತೂಗ್ತಾರ, ರಾತ್ರಿ ಚೀಲದ ಮ್ಯಾಲೆ ಮಲಗ್ತಾರ."

"ಮತ್ತ ಕುಡದ್ರೇನು?"

"ಕುಡದ್ರು. ಶಿರೂರಿನ ಗಾಡಿಯವ್ರು ಬಂದಿದ್ರು, ಅವರ ಕೂಡ ಹೋದ್ರು. ಇಪ್ಪತ್ತ ದಿನ ತಡಕೊಂಡಿದ್ದೇ ಭಾಳ ಆತು. ಮರುದಿನ ಮುಂಜಾನೆ ಬಂದವ್ರು ಜಳಕಾ ಮಾಡ್ಲಿಲ್ಲ, ಕೂಡ್ಲಿಲ್ಲ. ಕೊರಳಾಗಿನ ಲಿಂಗಾ ತಗದು, ಅಕಾ ನೋಡ್ರಿ, ಆ ಮಾಡದಾಗ ಇಟ್ರು. 'ಇದನ್ನ ಕಟಗೊಳ್ಳೂ ಮೈ ಅಲ್ಲ ಇನ್ನ ಇದು' ಅಂದ್ರು, ಹೋದ್ರು."

ಗೋಡೆಯ ಮಾಡದಲ್ಲಿ ಬಿಳಿ ಅರಿವೆಯ ಸಣ್ಣ ಗಂಟು ಇತ್ತು. ಅದರ ಮೇಲೆ ಒಂದು ಬಿಲ್ವಪತ್ರೆ ಬಾಡಿ ಬಿದ್ದಿತ್ತು. ರಂಗೂಬಾಯಿಗೆ ಮೊದಲು ನೆನಪಾದದ್ದು ಅವನ ಹೆಸರಿನೊಡನೆ ಅಚ್ಚಿಗೆ ಹೋಗಿದ್ದ ಸಭೆಯ ಪತ್ರಿಕೆ. ಆಮೇಲೆ ಒಲೆಯ ಪಕ್ಕದಲ್ಲಿ ಜೋಡಿಸಿಟ್ಟ ರೊಟ್ಟಿಗಳು ಕಣ್ಣಿಗೆ ಬಿದ್ದವು.

"ಊಟಕ್ಕೇನು ಮಾಡ್ತಾರ? ನೀ ಕಳಸ್ತಿಯೇನು?"

"ಲಿಂಗ ಇಲ್ಲದ ಮೈಗೆ ನಾ ಹೆಂಗ ನೀಡ್ಲಿ ಬಾಯಾರ? ನೀರೂ ಕೊಡಾಕ ಬರಂಗಿಲ್ಲ ನಮ್ಮಲ್ಲಿ. ಅವರೂ ಕೇಳಂಗಿಲ್ಲ. ಈ ಹುಡಿಗಿ ಮೊನ್ನೆ ನನಗ ಕಾಣದಂಗ ಒಂದು ರೊಟ್ಟಿ ಉಡ್ಯಾಗ ಕಟಗೊಂಡು ಹೋಗಿತ್ತು. 'ನಿಮ್ಮವ್ವ ಕೊಟ್ಟಾಳೇನು' ಅಂತ ಕೇಳಿದ್ರಂತ. ಇಲ್ಲಂದ್ಲು. 'ಹಂಗಾದ್ರ ವಾಪಸ ಒಯ್ಯಿ' ಅಂದ್ರಂತ."

ನಾಗವ್ವ ಪಾಟಿಯಿಂದ ತಲೆ ಎತ್ತಲಿಲ್ಲ. ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ತಿದ್ದಿದಳು.

"ಹಸದ ಮನಶಾಗ ಒಂದು ತುತ್ತು ಹಾಕಿದ್ರ ಯಾವ ದೇವರೂ ಸಿಟ್ಟಾಗೂದಿಲ್ಲ ಕಲ್ಲವ್ವ" ಎಂದಳು ರಂಗೂಬಾಯಿ, ಉಪನ್ಯಾಸದ ದನಿಯಲ್ಲಿ.

ಕಲ್ಲವ್ವ ಅವಳನ್ನು ನೇರವಾಗಿ ನೋಡಿದಳು. "ನೀವು ನಮ್ಮ ಮನೀಗೆ ಬರಾಕತ್ತಿ ಆರು ತಿಂಗಳಾತು. ಒಂದು ಗುಟಕ ನೀರ ಕುಡದಿಲ್ಲ. ನಾ ಏನಾರ ಅಂದೀನೇನು? ಅದು ನಿಮ್ಮ ಪದ್ಧತಿ, ಇದು ನಮ್ಮ ಪದ್ಧತಿ. ಮೊದಲೂ ಕುಡೀತಿದ್ರು ಬಾಯಾರ, ಆದ್ರ ಕುಡದು ಮನೀಗೆ ಬರತಿದ್ರು. ಜಳಕಾ ಮಾಡತಿದ್ರು, ಪೂಜಿ ಮಾಡತಿದ್ರು, ಉಣತಿದ್ರು. ಈಗ ಕುಡದ್ರ ಬರಂಗಿಲ್ಲ. ನಿಮ್ಮಿಂದ ಆದ ಉಪಕಾರ ಇಷ್ಟ ನೋಡ್ರಿ."

ಹೊಡೆದಿದ್ದರೂ ಇಷ್ಟು ತಾಗುತ್ತಿರಲಿಲ್ಲ. ಕಲ್ಲವ್ವ ಮಾತ್ರ ಜಗಳಕ್ಕೆ ನಿಂತಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಉಳಿದದ್ದನ್ನೂ ಅದೇ ದನಿಯಲ್ಲಿ ಹೇಳಿ ಮುಗಿಸಿದಳು. ಅಕ್ಕಲಕೋಟೆಯ ಹತ್ತಿರದ ತವರಿಗೆ ಸುದ್ದಿ ಮುಟ್ಟಿದೆ. ಅಣ್ಣ ಈರಣ್ಣ ಶನಿವಾರದ ಗಾಡಿಗೆ ಬರುತ್ತಾನೆ. ಲಿಂಗ ಕಳಚಿದ ಗಂಡನ ಮನೆಯಲ್ಲಿ ತಂಗಿ ಇರುವುದು ಬೇಡ ಎಂದು ಅವಳನ್ನೂ ಮಗಳನ್ನೂ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹೆಣ್ಣುಮಕ್ಕಳ ಸಾಲೆ ಇಲ್ಲ.

"ನೀ ಹೋಗ್ತಿಯೇನು?"

"ಒಲ್ಲೆ ಅನ್ನಾಕ ಏನರ ಬೇಕಲ್ರಿ ಕೈಯಾಗ" ಎಂದಳು ಕಲ್ಲವ್ವ.

ರಂಗೂಬಾಯಿ ಅಲ್ಲಿಂದ ನೇರವಾಗಿ ಬೆಲ್ಲದ ಪೇಟೆಗೆ ಹೋದಳು. ಒಳ್ಳೆಯ ಮನೆತನದ ಹೆಂಗಸರು ಕಾಲಿಡುವ ಜಾಗವಲ್ಲ ಅದು. ಎತ್ತಿನ ಗಾಡಿ, ಹಮಾಲರ ಕೂಗು, ನೊಣ. ದೊಡ್ಡ ತಕ್ಕಡಿಯ ಮುಂದೆ ರಾಮಲಿಂಗಪ್ಪ ನಿಂತಿದ್ದ. ತೂಗುವವರು ಒಂದು ಎನ್ನುವುದಿಲ್ಲ, ಮೊದಲ ತೂಕಕ್ಕೆ ಲಾಭ ಎನ್ನುತ್ತಾರೆ. "ಲಾಭಾ... ಲಾಭಾ... ಎರಡೂ... ಎರಡೂ..." ಎಂದು ರಾಗ ಎಳೆಯುತ್ತಿದ್ದ. ದನಿ ಗಟ್ಟಿಯಾಗಿತ್ತು. ಮೈ ಮಾತ್ರ ಇಳಿದುಹೋಗಿ ಅಂಗಿ ಗೂಟಕ್ಕೆ ಹಾಕಿದ ಹಾಗೆ ತೂಗಾಡುತ್ತಿತ್ತು. ಅವಳನ್ನು ಕಂಡು ತಕ್ಕಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ನಾಲ್ಕು ಹೆಜ್ಜೆ ದೂರ ನಿಂತ. ಅಷ್ಟು ದೂರಕ್ಕೂ ವಾಸನೆ ಬಂತು. ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ.

"ನಿಮ್ಮ ಮ್ಯಾಲೆ ನನ್ನದೇನ ಸಿಟ್ಟಿಲ್ರಿ ಬಾಯಾರ" ಎಂದ, ಅವಳು ಬಾಯಿ ತೆಗೆಯುವ ಮೊದಲೇ.

"ಮನೀಗೆ ಹೋಗ್ರಿ ರಾಮಲಿಂಗಪ್ಪನವರ. ಇನ್ನೊಮ್ಮೆ ಆಣಿ ಮಾಡ್ರಿ, ಈ ಸಲ ಗಟ್ಟಿ ಮನಸಿನಿಂದ—"

ಅವನು ನಕ್ಕ. ನಗುವಾಗ ಬಾಯಿಗೆ ಅಡ್ಡ ಕೈ ಹಿಡಿದ. "ಒಮ್ಮೆ ಮಾಡಿದ್ದಕ್ಕ ಮನಿ ಬಿಟ್ಟೀನಿ. ಇನ್ನೊಮ್ಮೆ ಮಾಡಿ ಊರ ಬಿಡ್ಲೇನು?"

"ಹಂಗಲ್ಲ..."

"ನಾ ಒಂದು ಹೇಳ್ತೀನಿ ಕೇಳ್ರಿ. ಮೊದಲ ಕುಡೀವಾಗ ಲಿಂಗಯ್ಯ ಕೊರಳಾಗ ಇರತಿದ್ದ. ಎರಡು ಗ್ಲಾಸ ಒಳಗ ಹೋಗೂದರಾಗ ಅಂವ ಎದೀಗೆ ಒತ್ತತಿದ್ದ. ನಾಚಿಕಿ ಬರತಿತ್ತು, ಎದ್ದು ಮನೀಗೆ ಹೋಗತಿದ್ದೆ. ಈಗ ಒತ್ತಾಂವ ಯಾರೂ ಇಲ್ಲ. ಅಂಗಡಿ ಬಾಗಲಾ ಹಾಕೂ ತನಕ ಕೂಡ್ತೀನಿ." ತಕ್ಕಡಿಯ ಕಡೆ ನೋಡಿದ. "ಹೋಗ್ರಿ ಇನ್ನ. ಇಲ್ಲಿ ಬಾಯಿ ಹೊಲಸಿನವ್ರು ಇರ್ತಾರ, ನೀವು ನಿಂದ್ರಬ್ಯಾಡ್ರಿ."

ಮನೆಗೆ ಬಂದು ರಂಗೂಬಾಯಿ ನಡೆದದ್ದನ್ನೆಲ್ಲ ಗಂಡನ ಮುಂದೆ ಹೇಳಿದಳು. ಕಲ್ಲವ್ವನ ಕಲ್ಲು ಮನಸ್ಸನ್ನೂ ಹೇಳಿದಳು. ಒಂದು ರೊಟ್ಟಿಗೆ ಇಷ್ಟೆಲ್ಲ ಶಾಸ್ತ್ರವೇ ಎಂದು ಕೇಳಿದಳು. ಭುಜಂಗರಾಯರು ಸಂಧ್ಯಾವಂದನೆ ಮುಗಿಸಿ ಊಟಕ್ಕೆ ಕೂತಿದ್ದರು. ಜನಿವಾರಕ್ಕೆ ಬೆರಳು ಹಾಕಿ ಅದನ್ನು ಹೆಗಲಿನಿಂದ ಸ್ವಲ್ಪ ಎತ್ತಿದರು.

"ರಂಗೂ, ನಾ ಇದನ್ನ ತಗದು ಆ ಗೂಟಕ್ಕ ಹಾಕಿ ಊಟಕ್ಕ ಕೂತ್ರ ನೀ ನೀಡ್ತಿಯೇನು?"

"ಯಾಕ ತಗೀತೀರಿ ಅದನ್ನ? ಅಪಶಕುನ ನುಡೀಬ್ಯಾಡ್ರಿ."

"ಕೇಳಿದ್ದಕ್ಕ ಉತ್ತರಾ ಕೊಡು."

ಅವಳು ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

"ನನ್ನದು ಹೆಗಲಿಗೆ ಬಿದ್ದದ್ದು ಎಂಟನೇ ವರ್ಷಕ್ಕ" ಎಂದರು ಭುಜಂಗರಾಯರು. "ಅವರ ಪೈಕಿ ಕೂಸು ಹುಟ್ಟಿದ ಕೂಡ್ಲೆ ಕಟ್ಟತಾರಂತ. ತುಳಸಿ ಮಾಲಿ ಹಂಗ ನಡುವ ಹಾಕ್ಕೊಂಡು ನಡುವ ತಗಿಯೂ ವಸ್ತು ಅಲ್ಲ. ನಿಮ್ಮ ಮಥೂತಾಯಿಗೆ ಗೊತ್ತಿಲ್ಲ, ಖರೆ. ನೀ ವಿಜಾಪುರದಾಕಿ. ಓಣಿ ತುಂಬ ಲಿಂಗಾಯತರ ನಡುವ ಬೆಳದಿ."

ಅದೇ ಅವಳನ್ನು ಚುಚ್ಚಿದ್ದು. ಓಣಿ ತುಂಬ ಇದ್ದರು ನಿಜ. ಎಲ್ಲರ ಕೊರಳಲ್ಲಿ ಲಿಂಗ ನೋಡಿದ್ದಳು, ಅದರ ವಿಷಯ ಎಂದೂ ಕೇಳಿರಲಿಲ್ಲ. ಪಕ್ಕದ ಮನೆಯ ಅಡುಗೆಮನೆ ಹೇಗಿತ್ತು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮಥೂತಾಯಿಯ ಮನೆಗೆ ಹೋಗಿ, ರಾಮಲಿಂಗಪ್ಪನ ಹೆಸರು ತೆಗೆಯಬೇಕು, ಅವನ ಆಣೆಯನ್ನೂ ಬಿಡಿಸಬೇಕು ಎಂದಳು. ಮಥೂತಾಯಿ ಮರಾಠಿಯಲ್ಲಿ ಮೆಲ್ಲಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು. ಬಿದ್ದವನನ್ನು ಮತ್ತೆ ಎಬ್ಬಿಸಬೇಕು, ಆಣೆ ಬಿಡಿಸುವುದು ಎಂದರೇನು? ಇವತ್ತು ಒಬ್ಬನಿಗೆ ಬಿಡಿಸಿದರೆ ನಾಳೆ ಮಾಲೆ ಹಾಕಿದ ನಾಲ್ವರೂ ಬಂದು ನಮಗೂ ಬಿಡಿಸಿ ಎನ್ನುತ್ತಾರೆ. "ನಾವು ಕಟ್ಟುವವರು, ರಂಗೂ. ಬಿಡಿಸಲಿಕ್ಕೆ ಸೆರೆ ಅಂಗಡಿಯವನು ಇದ್ದಾನೆ." ಕೊನೆಗೆ, ಹಾಗೇ ಮಾಡುವ ಮನಸ್ಸಿದ್ದರೆ ಮಂಡಳದ ಹೆಸರು ಎತ್ತಬೇಡ, ಸ್ವಂತ ಹೆಸರಿನಲ್ಲಿ ಮಾಡು ಎಂದರು. ರಂಗೂಬಾಯಿ ನಮಸ್ಕಾರ ಮಾಡಿ ಎದ್ದಳು. ಮಥೂತಾಯಿಯ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಶನಿವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

ನಾನಾ ಪೇಠೆಯಲ್ಲಿ ಲಿಂಗಾಯತರ ಸಣ್ಣ ಮಠವೊಂದಿತ್ತು. ಮಠವೆಂದರೆ ಎರಡು ಅಂಕಣದ ಮನೆ, ಒಂದು ಬಾವಿ, ಒಂದು ಬಿಲ್ವದ ಗಿಡ. ಅಲ್ಲಿಯ ಗುರುಪಾದಯ್ಯನವರೇ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಅಯ್ಯನವರು. ಅವಳು ಹೋದಾಗ ಮುದುಕರು ಕಟ್ಟೆಯ ಮೇಲೆ ಕೂತು, ಹುರಿಗೆ ಬಣ್ಣ ಹಾಕಿ ಲಿಂಗ ಕಟ್ಟುವ ಶಿವದಾರ ಹೊಸೆಯುತ್ತಿದ್ದರು. ಅವಳ ಮಾತು ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ.

"ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಿ ತಂಗಿ."

"ಹೌದ್ರಿ ಅಯ್ಯನವರ."

"ಲಿಂಗಾ ಮುಟ್ಟಿ ಆಣಿ ಮಾಡೂದು ನಮ್ಮಲ್ಲಿ ಇಲ್ಲಂತಲ್ಲ. ಬದುವಿನ ಜಗಳಕ್ಕ ಮಾಡ್ತಾರ, ಕಳುವಿನ ಮಾತಿಗೆ ಮಾಡ್ತಾರ. ಆಗಿ ಹೋದದ್ದಕ್ಕ. 'ನಾ ಕದ್ದಿಲ್ಲ' ಅನ್ನಾಕ. ಮುಂದ ಆಗೂದಕ್ಕ, ಅದೂ ಜನ್ಮಪೂರ್ತಿಗೆ, ಅದೂ ಕುಡಕನ ಕೈಲೆ ಯಾರರೆ ಮಾಡಸ್ತಾರೇನು? ನಾಳಿನ ಮಳಿಗೆ ಇವತ್ತ ಸಾಕ್ಷಿ ಹೇಳಿಸಿದಂಗಾತು."

"ನೀವು ಲಿಂಗ ಮತ್ತ ಕಟ್ಟಬೇಕು. ಅದಕ್ಕ ಏನೇನು ಶಾಸ್ತ್ರ ಬೇಕೋ ಹೇಳ್ರಿ."

"ಕಟ್ಟತೀನಿ. ನಾ ಕಟ್ಟಿದ್ದು, ನಾ ಮತ್ತ ಕಟ್ಟತೀನಿ. ಆದ್ರ ಆಣಿ ನಾ ಹಾಕಸಿದ್ದಲ್ಲ, ನಾ ಬಿಡಸಾಕ ಬರಂಗಿಲ್ಲ. ನೀ ಹಾಕಸಿದಿ, ನೀ ಬಿಡಸು. ಎಲ್ಲಿ ಹಾಕಸಿದಿ, ಯಾರ ಮುಂದ ಹಾಕಸಿದಿ, ಅಲ್ಲೇ, ಅವರ ಮುಂದ. ಅಂದ್ರ ಅಂವನ ತಲೀ ಮ್ಯಾಗಿನ ಭಾರ ಇಳೀತದ. ಇಲ್ಲಂದ್ರ ನಾ ಕಟ್ಟತೀನಿ, ಅಂವ ಮತ್ತ ತಗದಿಡ್ತಾನ."

ಇದು ಅವಳು ನಿರೀಕ್ಷಿಸಿದ ಮಾತಲ್ಲ. ಹಣ್ಣು ಕಾಯಿ ತರಬೇಕಾಗಬಹುದು, ಉಪವಾಸ ಮಾಡಬೇಕಾಗಬಹುದು ಎಂದುಕೊಂಡಿದ್ದಳು. ಮೂವತ್ತು ಮಂದಿಯ ಮುಂದೆ ನಿಂತು, ನಾನು ಹೇಳಿದ್ದು ತಪ್ಪು ಎನ್ನುವುದು ಬೇರೆ. ಅದೇ ಅಂಗಳದಲ್ಲಿ ಅವಳು ಆರು ತಿಂಗಳಿಂದ ಎಲ್ಲರಿಗೂ ಸರಿ ತಪ್ಪು ಹೇಳುತ್ತ ಬಂದವಳು.

"ಅಂವ ಮನೀಗೇ ಬರೂದಿಲ್ಲ ಅಂತಾನ್ರಿ."

"ಅದೂ ನಿನಗ ಬಿಟ್ಟದ್ದು" ಎಂದು ಅಯ್ಯನವರು ಮತ್ತೆ ದಾರ ಹೊಸೆಯತೊಡಗಿದರು. "ಶುಕ್ರವಾರ ಮುಂಜಾನೆ ನಾ ಬರತೀನಿ. ಬಿಸಿಲೇರೂದರಾಗ ಮುಗಸು, ನನಗ ಕಾಲು ನೋವು."

ಗುರುವಾರ ಅವಳು ಪೇಟೆಗೆ ಹೋದಳು. ಈ ಸಲ ತಕ್ಕಡಿಯ ಹತ್ತಿರವೇ ಹೋಗಿ ನಿಂತಳು. ಹಮಾಲನೊಬ್ಬ, "ಏ ರಾಮಲಿಂಗಾ, ನಿನ್ನ ವಾರಂಟ ಬಂತು ನೋಡೋ" ಎಂದ. ಉಳಿದವರು ನಕ್ಕರು. ಅವಳು ಅದನ್ನೂ ನುಂಗಿಕೊಂಡಳು.

"ಆಣಿ ಮಾಡ್ರಿ ಅಂತ ಹೇಳಲಿಕ್ಕೆ ಬಂದಿಲ್ಲ ರಾಮಲಿಂಗಪ್ಪನವರ. ಹಾಕಸಿದ್ದನ್ನ ವಾಪಸ ತಗೋಳಿಕ್ಕೆ ಬಂದೀನಿ. ನಾಳೆ ಮುಂಜಾನೆ, ನಿಮ್ಮ ಚಾಳಿನಾಗ, ಎಲ್ಲಾರ ಮುಂದ. ತಪ್ಪು ನನ್ನದು ಅಂತ ಹೇಳಾಕಿ ನಾನು. ಅಯ್ಯನವರೂ ಬರತಾರ."

ಅವನು ತೂಕದ ಕಲ್ಲನ್ನು ಕೆಳಗಿಟ್ಟ. "ಯಾರ ಮುಂದ ಹೇಳ್ತೀರಿ?"

"ಅವತ್ತ ಯಾರ್ಯಾರ ಇದ್ರೋ ಅವರ ಮುಂದ."

"ನಾ ಬರಲಿಲ್ಲಂದ್ರ?"

"ನೀವು ಬರಲಿಲ್ಲಂದ್ರೂ ಹೇಳ್ತೀನಿ. ಬಾಯಿಂದ ಆಡಿದ್ದು ನಾನಲ್ಲ?"

ಚಾಕಣದಿಂದ ಬಂದ ಉಳ್ಳಾಗಡ್ಡಿಯ ಗಾಡಿಯೊಂದು ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಹೋಯಿತು. "ನನ್ನ ಬಾಗಲದಾಗ ಒಬ್ಬ ಹೆಣ್ಣಮಗಳು ಬಂದು ತಲಿ ಬಗ್ಗಸೂದು, ಮನಿ ಯಜಮಾನ ಆಗಿ ನಾ ಇಲ್ಲಿ ಬೆಲ್ಲಾ ತೂಗೂದು. ಚಂದ ಕಾಣಂಗಿಲ್ಲ ಅದು" ಎಂದ. ಬರುತ್ತೇನೆ ಎನ್ನಲಿಲ್ಲ. ಕುಡಿಯುವುದಿಲ್ಲ ಎಂದೂ ಅನ್ನಲಿಲ್ಲ.

ಶುಕ್ರವಾರ ಮುಂಜಾನೆ ನಳದ ಮುಂದೆ ಹೆಂಗಸರು ಕೊಡ ಸಾಲಾಗಿಟ್ಟಿದ್ದರು. ಅಯ್ಯನವರು ಬಂದು ಕಲ್ಲವ್ವನ ಬಾಗಿಲಲ್ಲಿ ಕಂಬಳಿಯ ಮೇಲೆ ಕೂತರು. ರಾಮಲಿಂಗಪ್ಪ ಚಾಳಿನ ಬಾಗಿಲ ತನಕ ಬಂದು ಅಲ್ಲೇ ನಿಂತ, ಒಳಗೆ ಬರಲಿಲ್ಲ. ರಂಗೂಬಾಯಿ ಮನೆಯಿಂದ ಏನೇನೋ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ತಿಂಗಳದ ಹಿಂದ ಇಲ್ಲೇ ನಿಂತು ಇವರ ಕೈಲೆ ಆಣಿ ಮಾಡಸಿದ್ದೆ" ಎಂದಳು, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. "ಇವರ ಧರ್ಮಾ ತಿಳಕೊಳ್ಳದ ಮಾಡಸಿದ್ದೆ. ಅದು ನನ್ನ ತಪ್ಪು. ಆ ಆಣಿ ನಾ ವಾಪಸ ತಗೊಂಡೀನಿ. ಅದರ ಪಾಪ ಏನರ ಇದ್ರ ಇವರಿಗಿಲ್ಲ, ನನಗ."

ಮೂಲೆಯ ಮನೆಯ ಪಂಢರಿನಾಥ, ಕೊರಳಲ್ಲಿ ತುಳಸಿ ಮಾಲೆ ಹಾಕಿ ಎರಡು ವರ್ಷದಿಂದ ಸೆರೆ ಮುಟ್ಟದವನು, ಹಲ್ಲುಜ್ಜುತ್ತಲೇ ಕೇಳಿದ. ಹಾಗಾದರೆ ಇನ್ನು ಇವನಿಗೆ ಕುಡಿಯಲಿಕ್ಕೆ ಪರವಾನಿಗೆ ಸಿಕ್ಕಂತಾಯಿತಲ್ಲ ಬಾಯಿ? ಕೆಲವರು ನಕ್ಕರು. ಆ ಪ್ರಶ್ನೆ ರಂಗೂಬಾಯಿಯದೂ ಆಗಿತ್ತು.

ಉತ್ತರ ಕೊಟ್ಟವಳು ಕಲ್ಲವ್ವ, ಹೊಸ್ತಿಲ ಮೇಲೆ ನಿಂತು, ಒಡ್ಡೊಡ್ಡು ಮರಾಠಿಯಲ್ಲಿ. "ಕುಡಿಯಲಿಕ್ಕಲ್ಲ ಅಣ್ಣಾ. ಮನೆಗೆ ಬರಲಿಕ್ಕೆ."

ಆಮೇಲೆ ಗಂಡನ ಕಡೆ ತಿರುಗಿ, "ನೀರ ಕಾದಾವ" ಎಂದಳು.

ರಾಮಲಿಂಗಪ್ಪ ಒಳಗೆ ಬಂದ. ಜಳಕ ಮಾಡಿ, ಒದ್ದೆ ಪಂಚೆಯಲ್ಲೇ ಅಯ್ಯನವರ ಮುಂದೆ ಕೂತ. ಅಯ್ಯನವರು ಮಾಡದಲ್ಲಿದ್ದ ಲಿಂಗವನ್ನು ತರಿಸಿ, ನೀರು ಹಾಕಿ, ಹಣೆಗೂ ತೋಳಿಗೂ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಹೊಸ ದಾರದಿಂದ ಕಟ್ಟಿದರು. ಅಯ್ಯನವರು ಅವನಿಂದ ಒಂದು ಮಾತನ್ನೂ ತೆಗೆದುಕೊಳ್ಳಲಿಲ್ಲ. "ಬಿದ್ದರೂ ಇದನ್ನ ಕಟಗೊಂಡ ಬೀಳು" ಎಂದಷ್ಟೇ ಹೇಳಿದರು. ಇನ್ನಾದರೂ ಕುಡಿಯಬೇಡಿ ಎನ್ನುವ ಮಾತು ರಂಗೂಬಾಯಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿ ಹಿಡಿದಳು. ಆರು ತಿಂಗಳಲ್ಲಿ ಅವಳಿಗೆ ಅತಿ ಕಷ್ಟವಾದ ಕೆಲಸ ಅದೇ.

ಕಲ್ಲವ್ವ ತಾಟಿಗೆ ರೊಟ್ಟಿ, ಪುಂಡಿ ಪಲ್ಲೆ ನೀಡಿದಳು. ಅವನು ಮೊದಲು ನೀರು ಕುಡಿದ. ನಾಗವ್ವ ಎದುರಿಗೆ ಕೂತು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಒಂದು ತುಂಡು ಮುರಿದು ಅವಳ ಕೈಗಿಟ್ಟ. ಆಮೇಲೆ ಎರಡು ರೊಟ್ಟಿ ತಿಂದ.

ಶನಿವಾರ ಈರಣ್ಣ ಬಂದ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡು ಬಂದಿದ್ದನಂತೆ. ಭಾವ ಲಿಂಗಪೂಜೆಗೆ ಕೂತದ್ದು ಕಂಡು ಹೊರಗೆ ಕಟ್ಟೆಯ ಮೇಲೆ ಚೀಲ ಇಟ್ಟು ಕಾದ. ಎರಡು ದಿನ ಇದ್ದು, ಮೂರು ಹೊತ್ತು ಉಂಡು, ಒಬ್ಬನೇ ಹೋದ. ರವಿವಾರದ ಸಭೆಯಲ್ಲಿ ನಾಲ್ವರಿಗೆ ಶಾಲು ಹೊದಿಸಿದರು. ಐದನೆಯದು ಮಡಿಕೆ ಬಿಚ್ಚದೆ ಮೇಜಿನ ಮೇಲೆ ಉಳಿಯಿತು. ಐದನೆಯ ಹೆಸರೇಕೆ ಕರೆಯಲಿಲ್ಲ ಎಂದು ಯಾರೋ ಕೇಳಿದಾಗ ರಂಗೂಬಾಯಿ ಎದ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಭೆ ಮುಗಿದ ಮೇಲೆ ಮಥೂತಾಯಿ, ಇನ್ನೊಂದು ಮಂಡಳ ತೆಗೆ, ಆಣೆ ಬಿಡಿಸುವವರ ಮಂಡಳ, ಸದಸ್ಯರಿಗೆ ಕೊರತೆಯಾಗುವುದಿಲ್ಲ ಎಂದರು. ನಗುತ್ತಲೇ ಅಂದರು, ಆದರೆ ಎರಡು ವಾರ ಅವಳಿಗೆ ಬೇರೆ ಮನೆ ಕೊಡಲಿಲ್ಲ.

ಗುರುವಾರದ ಭೇಟಿಗಳು ಮಾತ್ರ ನಿಲ್ಲಲಿಲ್ಲ. ಕುಡಿದನೋ ಇಲ್ಲವೋ ಎಂದು ಕೇಳುವುದನ್ನು ರಂಗೂಬಾಯಿ ಬಿಟ್ಟಿದ್ದಳು. ಮನೆಗೆ ಯಾವಾಗ ಬಂದರು, ಎಷ್ಟು ಉಂಡರು ಎಂದು ಕೇಳುತ್ತಿದ್ದಳು. ಕಲ್ಲವ್ವನೂ ಲೆಕ್ಕ ಒಪ್ಪಿಸುವವಳಂತಲ್ಲ, ಅಕ್ಕಪಕ್ಕದವರಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ನಿನ್ನೆ ಸಂಜೆಗೇ ಬಂದರು. ಮೊನ್ನೆ ತಡವಾಯಿತು. ಒಂದು ಗುರುವಾರ ಅಮಾವಾಸ್ಯೆ ಬಿತ್ತು, ಪೇಟೆಗೆ ರಜೆ. ರಂಗೂಬಾಯಿ ಮಾತಾಡುತ್ತ ಕೂತವಳು ಏಳುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಬಾಗಿಲಲ್ಲಿ ನೆರಳು ಬಿತ್ತು. ರಾಮಲಿಂಗಪ್ಪ ಚೌಕಟ್ಟು ಹಿಡಿದು ನಿಂತಿದ್ದ. ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. ಒಳಗೆ ಕೂತವಳನ್ನು ಕಂಡು ತಟ್ಟನೆ ಹಿಂದೆ ಸರಿದ. ಕೈ ಅಂಗಿಯ ಮೇಲೆ, ಎದೆಯ ಹತ್ತಿರ ಹೋಯಿತು.

ಈಗ ತಿರುಗಿ ಹೋದರೆ ಎಲ್ಲಿಗೆ ಹೋಗುತ್ತಾನೆಂದು ರಂಗೂಬಾಯಿಗೆ ಗೊತ್ತಿತ್ತು.

ಕಲ್ಲವ್ವ ಎದ್ದು ಹಂಡೆಯ ಮುಚ್ಚಳ ತೆಗೆದಳು. ಗಂಡನಿಗೆ ಏನೂ ಹೇಳಲಿಲ್ಲ. ರಂಗೂಬಾಯಿಯ ಕಡೆ ಬಗ್ಗಿ, ತಗ್ಗಿದ ದನಿಯಲ್ಲಿ, "ಏಳ್ರಿ ಬಾಯಾರ, ನೀವು ಹೋಗಿ ಬರ್ರಿ" ಎಂದಳು. "ನೀವು ಇದ್ರ ಅವರು ಒಳಗ ಬರಂಗಿಲ್ಲ."

ರಂಗೂಬಾಯಿ ಎದ್ದಳು. ಹೊರಗೆ ಬಂದು, ಅವನ ಮುಖ ನೋಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನೂ ಅವಳ ಮುಖ ನೋಡದೆ ಒಳಗೆ ಹೋದ. ನಾಗವ್ವ ಚಾಳಿನ ಬಾಗಿಲ ತನಕ ಅವಳ ಜೊತೆ ಬಂದಳು. ಒಳಗೆ ನೀರು ಸುರಿಯುವ ಸಪ್ಪಳ ಅಲ್ಲಿಯ ತನಕ ಕೇಳುತ್ತಿತ್ತು.

"ಮುಂದಿನ ವಾರ ಬರತೀರಿಲ್ಲೋ ಬಾಯಾರ?"

"ಬರತೀನಿ."

"ಮಧ್ಯಾಹ್ನ ಬರ್ರಿ. ಆವಾಗ ಅಪ್ಪ ಪ್ಯಾಟ್ಯಾ‌ಗ ಇರ್ತಾನ."

"ಹಂಗ ಮಾಡ್ತೀನಿ" ಎಂದು ರಂಗೂಬಾಯಿ ಸೆರಗು ಹೊದ್ದುಕೊಂಡು ಶುಕ್ರವಾರ ಪೇಠೆಯ ದಾರಿ ಹಿಡಿದಳು.